ಸರಿಸಿಟ್ಟ ಚೀಟಿ

ಅಕ್ಕನ ಪುಸ್ತಕದಲ್ಲಿ ಪುಟದ ಗುರುತಿಗೆ ಇಟ್ಟಿದ್ದ ಚೀಟಿಯನ್ನು ನಾನು ಮೊದಲ ಸಲ ಸರಿಸಿದ್ದು ಜನವರಿಯ ಒಂದು ಶನಿವಾರ, ಮಧ್ಯಾಹ್ನ ಎರಡೂಮುಕ್ಕಾಲಿನ ಹೊತ್ತಿಗೆ. ಅವರು ನಮ್ಮ ಬಚ್ಚಲಿನಲ್ಲಿ ಕೈ ತೊಳೆಯುತ್ತಿದ್ದರು. ನಲ್ಲಿಯ ಸದ್ದು ಕೇಳಿಸುತ್ತಿತ್ತು. ಟೀಪಾಯಿಯ ಮೇಲಿದ್ದ ಪುಸ್ತಕವನ್ನು ತೆರೆದೆ, ನೋಡಿದೆ, ಚೀಟಿಯನ್ನು ಐವತ್ತು ಪುಟ ಮುಂದಕ್ಕೆ ಇಟ್ಟು ಮುಚ್ಚಿದೆ. ಅಷ್ಟೇ ಕೆಲಸ. ನಲ್ಲಿ ನಿಲ್ಲುವುದರೊಳಗೆ ನಾನು ಅಡುಗೆಮನೆಯಲ್ಲಿದ್ದೆ, ಫಿಲ್ಟರಿನಿಂದ ಡಿಕಾಕ್ಷನ್ ಬಗ್ಗಿಸುತ್ತಿದ್ದೆ.

ಅಕ್ಕ ಎಂದರೆ ಒಡಹುಟ್ಟಿದವರಲ್ಲ. ದೇಶದ ರಾಜಧಾನಿಯ ಆರ್.ಕೆ.ಪುರಂನ ಸರಕಾರಿ ಕ್ವಾರ್ಟರ್ಸಿನಲ್ಲಿ ನಮ್ಮ ಮೇಲಿನ ಮನೆಯವರು. ಮೈಸೂರಿನವರು, ನನಗಿಂತ ಹದಿನಾರು ವರ್ಷ ದೊಡ್ಡವರು. ಅವರ ಯಜಮಾನರೂ ನನ್ನ ಯಜಮಾನರೂ ಬೇರೆ ಬೇರೆ ಸಚಿವಾಲಯಗಳಲ್ಲಿ ಕಡತ ನೋಡುವವರು. ಅಕ್ಕ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದರು, ಆಗಲೇ ಇಪ್ಪತ್ತೇಳು ವರ್ಷವಾಗಿತ್ತು. ಬೆಳಗ್ಗೆ ಏಳಕ್ಕೆ ಹತ್ತಿಯ ಸೀರೆ, ಹೆಗಲಿಗೊಂದು ಬಟ್ಟೆಚೀಲ, ಮೆಟ್ಟಿಲಿಳಿಯುವಾಗ ಚಪ್ಪಲಿಯ ಒಂದೇ ಲಯದ ಸದ್ದು. ಆ ಸದ್ದು ಕೇಳಿದ ಮೇಲೆ ನಾನು ಮಗಳನ್ನು ಎಬ್ಬಿಸುತ್ತಿದ್ದೆ. ಗಡಿಯಾರ ನೋಡುವ ಅಗತ್ಯ ಇರಲಿಲ್ಲ.

ಅವರು ನನ್ನನ್ನು ಹಿಡಿದದ್ದು ರದ್ದಿ ಕೊಳ್ಳುವ ಕಬಾಡಿಯವನ ಮುಂದೆ. ಹಳೆಯ ಪತ್ರಿಕೆಗಳನ್ನು ತಕ್ಕಡಿಗೆ ಹಾಕುವ ಮೊದಲು ನಾನು ಮೆಟ್ಟಿಲ ಮೇಲೆ ಕೂತು ಒಂದೊಂದನ್ನೇ ಓದುತ್ತಿದ್ದೆ. ಕಬಾಡಿಯವನು, "ಭಾಭೀಜಿ, ಇದು ಹೋದ ತಿಂಗಳ ಸುದ್ದಿ," ಎಂದು ಗೊಣಗುತ್ತಿದ್ದ. ಅಕ್ಕ ಮೇಲಿನಿಂದ ಇಳಿದು ಬಂದವರು ನಿಂತು ನೋಡಿದರು. "ಕಾನ್ವೆಂಟಿನಲ್ಲಿ ಓದಿದವಳು ನೀನು, ರದ್ದಿ ಓದ್ತಾ ಕೂತಿದ್ದೀಯಲ್ಲ. ಶನಿವಾರ ಮೂರು ಗಂಟೆಗೆ ಒಂದು ಪುಸ್ತಕ ಹಿಡ್ಕೊಂಡು ಕೂತಿರು. ನಾನು ಬರ್ತೀನಿ," ಎಂದರು. ಕೇಳಿದ್ದಲ್ಲ, ಹೇಳಿದ್ದು.

ಹಾಗೆ ಶನಿವಾರದ ಓದು ಶುರುವಾಯಿತು, ನಮ್ಮ ಮುಂಗೋಣೆಯಲ್ಲಿ. ನಾವು ನಾಲ್ಕೇ ಜನ. ಅಕ್ಕ, ನಾನು, ಕಿದ್ವಾಯಿ ನಗರದ ಹತ್ತಿರ ಇಡ್ಲಿ-ದೋಸೆ ಹೋಟೆಲು ನಡೆಸುತ್ತಿದ್ದ ಉಡುಪಿ ಕಡೆಯವರ ಹೆಂಡತಿ, ಮತ್ತು ಗುರ್‌ಗಾಂವಿನ ಒಂದು ಐಟಿ ಆಫೀಸಿನಲ್ಲಿದ್ದ ಮಂಗಳೂರಿನ ಕ್ರಿಶ್ಚಿಯನ್ ಹುಡುಗಿ. ನಿಯಮ ಒಂದೇ, ಅದನ್ನು ಮಾಡಿದ್ದು ಅಕ್ಕ. ಮುಗಿಸಿದ ಪುಸ್ತಕ ತರುವ ಹಾಗಿಲ್ಲ. "ಮುಗಿದ ಪುಸ್ತಕದ ಬಗ್ಗೆ ಎಲ್ಲರೂ ಜಾಣರೇ," ಎನ್ನುತ್ತಿದ್ದರು. "ನಡುವೆ ಇರುವಾಗ ಏನನಿಸುತ್ತೆ ಅದನ್ನ ಹೇಳಿ." ಪುಸ್ತಕವನ್ನು ಟೀಪಾಯಿಯ ಮೇಲಿಡಬೇಕು. ನಮ್ಮ ಸರದಿ ಬಂದಾಗ ಚೀಟಿ ಇರುವ ಪುಟ ತೆರೆದು, ಪುಟದ ಸಂಖ್ಯೆ ಹೇಳಿ, ಹೋದ ವಾರದ ಪುಟದಿಂದ ಅಲ್ಲಿಯವರೆಗೆ ಏನಾಯಿತೆಂದು ಹೇಳಬೇಕು.

ನಾವು ಹೋಟೆಲಿನವರು ಎಂದೇ ಕರೆಯುತ್ತಿದ್ದ ಆ ಹೆಂಗಸಿಗೆ ಅವರ ತಂಗಿ ಊರಿನಿಂದ ಪತ್ತೇದಾರಿ ಕಾದಂಬರಿಗಳನ್ನು ಕಳಿಸುತ್ತಿದ್ದರು. "ಎಂಬತ್ತು ಪುಟ ಆಯ್ತು ಮಾರಾಯ್ರೆ, ಇನ್ನೂ ಹೆಣ ಸಿಗಲಿಲ್ಲ," ಎಂದು ಒಂದು ವಾರ ಕಳವಳಪಟ್ಟರು. "ಬರೆದವರಿಗೆ ಕೊಲ್ಲಲಿಕ್ಕೆ ಮನಸ್ಸಿಲ್ಲವೋ ಎಂತದೋ." ಗುರ್‌ಗಾಂವಿನ ಹುಡುಗಿ ದರಿಯಾಗಂಜಿನ ಭಾನುವಾರದ ಫುಟ್‌ಪಾತಿನಿಂದ ಜಾಜ್ ಸಂಗೀತಗಾರರ ಜೀವನಚರಿತ್ರೆಗಳನ್ನು ಆರಿಸಿ ತರುತ್ತಿದ್ದಳು. ಅವಳ ಅಪ್ಪ ಮದುವೆ ಮನೆಗಳ ಬ್ಯಾಂಡಿನಲ್ಲಿ ಟ್ರಂಪೆಟ್ ಊದುತ್ತಿದ್ದವರಂತೆ. ನಾನು ಯಾವುದೋ ಸನ್ಯಾಸಿನಿಯ ಪತ್ರಗಳನ್ನು ವಾರಕ್ಕೆ ಹತ್ತು ಪುಟದಂತೆ ಓದುತ್ತಿದ್ದೆ. ಅಕ್ಕ ತತ್ವಶಾಸ್ತ್ರ. ಕಾಲ ಎಂದರೇನು, ನಿನ್ನೆಯ ನಾನು ಇವತ್ತಿನ ನಾನು ಒಂದೇ ಎಂದು ಯಾವ ಆಧಾರದ ಮೇಲೆ ಹೇಳುತ್ತೇವೆ, ಇಂಥವು. ಅವರ ಬಾಯಲ್ಲಿ ಅದು ಪತ್ತೇದಾರಿಯಷ್ಟೇ ಸಲೀಸಾಗಿರುತ್ತಿತ್ತು. ಹೋಟೆಲಿನವರು ತುಪ್ಪದ ಕೈ ಒರೆಸಿಕೊಳ್ಳುವುದನ್ನೂ ಮರೆತು ಕೇಳುತ್ತಿದ್ದರು.

ಒಂದು ವಾರ ಹುಡುಗಿ ಒಂದು ಸಿ.ಡಿ. ತಂದು ಹಾಕಿದಳು. "ಸ್ಟೀಲ್ ಪಾತ್ರೆ ಬಿದ್ದ ಹಾಗೆ ಉಂಟಲ್ಲ," ಎಂದರು ಹೋಟೆಲಿನವರು. ಅಕ್ಕ ಮಾತ್ರ ತಲೆ ತಗ್ಗಿಸಿ ಕೊನೆಯವರೆಗೂ ಕೇಳಿ, "ಆ ಪುಸ್ತಕ ನನಗೆ ಕೊಡು," ಎಂದರು. ನದಿ ದಂಡೆಯ ಊರಿನಲ್ಲಿ ಹುಟ್ಟಿದ ಒಬ್ಬ ಕಹಳೆಗಾರನ ಕಥೆ ಅದು, ನಾಲ್ಕುನೂರು ಪುಟದ್ದು. ಮುಂದಿನ ಶನಿವಾರ ಅವರು ಹೇಳಿದ್ದು ನನಗೆ ಇನ್ನೂ ನೆನಪಿದೆ. "ಇವನು ಸ್ವರ ತಪ್ಪಿದರೆ ನಿಲ್ಲಿಸೋದಿಲ್ಲ. ಆ ತಪ್ಪು ಸ್ವರವನ್ನೇ ಇನ್ನೆರಡು ಸಲ ಬೇಕೂಂತ ಊದುತ್ತಾನೆ. ಕೇಳೋರು ಇದು ಹೀಗೇ ಇರಬೇಕು ಅಂದ್ಕೋತಾರೆ."

"ನಮ್ಮ ಯಕ್ಷಗಾನದ ಭಾಗವತರೂ ಹಾಗೇ," ಎಂದರು ಹೋಟೆಲಿನವರು. "ಪದ ಮರೆತರೆ ಚೆಂಡೆಯವನಿಗೆ ಕಣ್ಣು ಹೊಡೀತಾರೆ. ಅವ ಜೋರು ಬಾರಿಸ್ತಾನೆ. ಜನಕ್ಕೆ ಎಂತ ಗೊತ್ತಾಗ್ತದೆ?"

ಎಲ್ಲರಿಗಿಂತ ಹೆಚ್ಚು ನಕ್ಕವರು ಅಕ್ಕ.

ಆ ಚಳಿಗಾಲ ಶುರುವಾಗುವ ಮೊದಲು, ನವೆಂಬರಿನಲ್ಲಿ, ನಾವಿಬ್ಬರೇ ಕೆಳಗಿನ ಹುಲ್ಲಿನ ಮೇಲೆ ಬಿಸಿಲಿಗೆ ಕೂತು ಬಟಾಣಿ ಸುಲಿಯುತ್ತಿದ್ದೆವು. ಅಕ್ಕ ತಮ್ಮ ಮೈಸೂರಿನ ಗುರುಗಳೊಬ್ಬರ ವಿಷಯ ತೆಗೆದರು. ದೊಡ್ಡ ವಿದ್ವಾಂಸರು, ಆದರೆ ಕೊನೆಯ ಎರಡು ವರ್ಷ ಮರೆವು ಬಂದು ಒಂದೇ ಪಾಠವನ್ನು ಮತ್ತೆ ಮತ್ತೆ ಮಾಡುತ್ತಿದ್ದರಂತೆ. ಯಾರೂ ಅವರಿಗೆ ಹೇಳಲಿಲ್ಲ. ಹುಡುಗರು ಹಿಂದಿನ ಬೆಂಚಿನಲ್ಲಿ ಅವರ ಹಾಗೆ ಕೆಮ್ಮಿ ತೋರಿಸುತ್ತಿದ್ದರು.

"ನಾನೂ ನಕ್ಕಿದ್ದೀನಿ," ಎಂದರು ಅಕ್ಕ. "ಅದಕ್ಕೇ ಹೇಳ್ತಿದ್ದೀನಿ. ಪ್ರತಿ ಮಾರ್ಚಿನಲ್ಲಿ ಕಾಲೇಜಿನವರು ಕೇಳ್ತಾರೆ, ಮುಂದಿನ ವರ್ಷಕ್ಕೆ ಇರ್ತೀರಾ, ಸ್ವಯಂ ನಿವೃತ್ತಿ ತಗೋತೀರಾ ಅಂತ. ಬಿಡೋದಾದ್ರೆ ನಾನಾಗಿ ಬಿಡಬೇಕು. ಆ ಮಕ್ಕಳು ನನ್ನ ನೋಡಿ ನಗೋ ಮೊದಲು. ಇತ್ತೀಚೆಗೆ ನನಗೆ ಸ್ವಲ್ಪ..." ಬಟಾಣಿ ಸಿಪ್ಪೆಯನ್ನು ಕಾಳಿನ ಪಾತ್ರೆಗೆ ಹಾಕಿ, ಕಾಳನ್ನು ಸಿಪ್ಪೆಯ ರಾಶಿಗೆ ಹಾಕಿದರು. ನೋಡಿಕೊಂಡು ಸರಿಮಾಡಿದರು. "ನಿನ್ನ ಕಣ್ಣು ಸೂಕ್ಷ್ಮ. ಏನಾದ್ರೂ ಕಂಡ್ರೆ ಹೇಳ್ತೀಯಲ್ಲ?"

"ಹೇಳ್ತೀನಿ ಅಕ್ಕ," ಎಂದೆ.

ಹೇಳುತ್ತೇನೆ ಎಂದುಕೊಂಡೇ ಅಂದೆ. ಆದರೆ ನಾನು ಕಲಿತು ಬಂದದ್ದು ಬೇರೆ. ಹಾಸನದ ನಮ್ಮ ಕಾನ್ವೆಂಟಿನಲ್ಲಿ ಗಣಿತಕ್ಕಿಂತ ಮೊದಲು ಕಲಿಸಿದ್ದು ನಡತೆ. ಪಕ್ಕದ ಹುಡುಗಿಯ ಕಾಲುಚೀಲ ಹರಿದಿದ್ದರೆ ನೋಡಬಾರದು, ಕಣ್ಣಿಗೆ ಬಿದ್ದರೂ ಬೀಳದಂತೆ ಇರಬೇಕು. ಊಟದ ಮೇಜಿನಲ್ಲಿ ಯಾರಾದರೂ ನೀರು ಚೆಲ್ಲಿದರೆ ಮಾತು ನಿಲ್ಲಿಸದೆ ಸುಮ್ಮನೆ ಒರೆಸಬೇಕು. ಚೆಲ್ಲಿದವಳಿಗೂ ಗೊತ್ತಾಗದಂತೆ ಒರೆಸಿದವಳಿಗೆ ನಡತೆಯ ಪದಕ. ನನಗೆ ಆ ಪದಕ ಎರಡು ವರ್ಷ ಬಂದಿತ್ತು.

ಕಾಣಿಸಿದ್ದು ಡಿಸೆಂಬರಿನಲ್ಲಿ. ಚಪ್ಪಲಿಯ ಸದ್ದು ಮೆಟ್ಟಿಲ ನಡುವೆ ನಿಂತು ಮತ್ತೆ ಮೇಲಕ್ಕೆ ಹೋಗುತ್ತಿತ್ತು, ಒಂದೇ ಬೆಳಗ್ಗೆ ಎರಡು ಸಲ, ಮೂರು ಸಲ. ಬಟ್ಟೆಚೀಲದಲ್ಲಿ ಒಂದೇ ಊಟದ ಡಬ್ಬಿ ಇರುತ್ತಿದ್ದುದು ಎರಡಾಯಿತು. ಮದರ್ ಡೈರಿಯ ಬೂತಿನವನು ನನ್ನನ್ನು ಕರೆದು, "ಮೇಡಂ ಬೆಳಗ್ಗೆ ಹಾಲು ತಗೊಂಡು ಹೋದರು, ಮತ್ತೆ ಬಂದು ಮತ್ತೆ ತಗೊಂಡರು," ಎಂದ. "ಯಾರೋ ನೆಂಟರು ಬಂದಿದ್ದಾರೆ ಭಯ್ಯಾ," ಎಂದೆ. ಯಾರೂ ಬಂದಿರಲಿಲ್ಲ.

ಮತ್ತೆ ಆ ಚೀಟಿ. ಉತ್ತರಪತ್ರಿಕೆಯ ಅಂಚಿನಿಂದ ಉದ್ದಕ್ಕೆ ಕತ್ತರಿಸಿದ ಕಾಗದ ಅದು, ಒಂದು ಬದಿಯಲ್ಲಿ ಕೆಂಪು ಗೆರೆ. ಕಹಳೆಗಾರನ ಪುಸ್ತಕದಲ್ಲಿ ಅದು ಮೊದಲು ತೊಂಬತ್ತಾರನೇ ಪುಟದಲ್ಲಿತ್ತು. ಮುಂದಿನ ವಾರ ಅಕ್ಕ ಪುಸ್ತಕ ತೆರೆದು, "ಎಪ್ಪತ್ತನಾಲ್ಕು," ಎಂದರು. ಅವನು ಊರು ಬಿಟ್ಟು ರೈಲು ಹತ್ತಿದ್ದನ್ನು ಹೇಳಿದರು. ತುಂಬ ಚೆನ್ನಾಗಿ ಹೇಳಿದರು. ಹೋದ ವಾರವೂ ಅಷ್ಟೇ ಚೆನ್ನಾಗಿ ಹೇಳಿದ್ದರು.

ಹುಡುಗಿ ಕೆಟ್ಟ ಮನಸ್ಸಿನವಳಲ್ಲ. ನಗುತ್ತಲೇ, "ಮೇಡಂ, ರೈಲು ಹೋದ ವಾರವೇ ಹೋಯ್ತಲ್ಲ," ಎಂದಳು.

"ನಮ್ಮ ರೈಲು ಅಲ್ವಾ, ಲೇಟಾಗಿರ್ತದೆ," ಎಂದರು ಹೋಟೆಲಿನವರು. ಮೂವರೂ ನಕ್ಕೆವು. ಅಕ್ಕ ನಗಲಿಲ್ಲ. ಪುಟವನ್ನು ನೋಡಿದರು, ನನ್ನನ್ನು ನೋಡಿದರು. ಅವರ ಎಡಗೈ ಸೀರೆಯ ಸೆರಗಿನ ತುದಿಯನ್ನು ಸುರುಳಿ ಸುತ್ತುತ್ತಿತ್ತು, ಬಿಚ್ಚುತ್ತಿತ್ತು. "ಮತ್ತೊಮ್ಮೆ ಓದಿದೆ. ಇಷ್ಟವಾಯ್ತು," ಎಂದರು. ಆ ಕ್ಷಣದ ಮುಖವನ್ನು ನಾನು ಬರೆಯಲಾರೆ.

ಒಳಕೋಣೆಯಲ್ಲಿ ಹೋಂವರ್ಕ್ ಮಾಡುತ್ತಿದ್ದ ನನ್ನ ಮಗಳು ಅವರೆಲ್ಲ ಹೋದ ಮೇಲೆ ಬಂದು, "ಮಮ್ಮಿ, ಆಂಟಿ ಫಿರ್ ಸೇ ಅದೇ ಸ್ಟೋರಿ ಹೇಳಿದ್ರು ನಾ?" ಎಂದಳು. ಎಂಟು ವರ್ಷದ ಮಗು. "ದೊಡ್ಡವರ ಮಾತು ಕದ್ದು ಕೇಳಬಾರದು," ಎಂದು ಗದರಿದೆ. ಅವಳು ಕದ್ದು ಕೇಳಿರಲಿಲ್ಲ. ನಡುವೆ ಇದ್ದದ್ದು ಒಂದು ಪರದೆ.

ಮುಂದಿನ ಶನಿವಾರವೇ ನಾನು ಮೊದಲು ಹೇಳಿದ ಶನಿವಾರ. ಅಕ್ಕ ಯಾವಾಗಲೂ ಹದಿನೈದು ನಿಮಿಷ ಮೊದಲೇ ಬಂದು, ಪುಸ್ತಕ ಇಟ್ಟು, ಕೈ ತೊಳೆದು, ತಟ್ಟೆಗಳನ್ನು ಜೋಡಿಸಿಕೊಡುತ್ತಿದ್ದರು. ಚೀಟಿ ಅರವತ್ತೊಂದನೇ ಪುಟಕ್ಕೆ ಹೋಗಿತ್ತು. ನಾನದನ್ನು ನೂರಾ ಹನ್ನೊಂದಕ್ಕೆ ಇಟ್ಟೆ. ಸರದಿ ಬಂದಾಗ ಅಕ್ಕ ಪುಸ್ತಕ ತೆರೆದರು. ಪುಟದ ಮೇಲೆ ಕಣ್ಣಾಡಿಸಿದರು. ಇಪ್ಪತ್ತೇಳು ವರ್ಷ ಪಾಠ ಹೇಳಿದವರಿಗೆ ಒಂದು ಪುಟ ಸಾಕು. ಕಹಳೆಗಾರ ಯಾವುದೋ ಪಟ್ಟಣದಲ್ಲಿ ಬಾಡಿಗೆ ಕೋಣೆಯಲ್ಲಿದ್ದಾನೆ, ಕೆಳಗಿನ ಮನೆಯವರಿಗೆ ತೊಂದರೆಯಾಗಬಾರದೆಂದು ಕಪಾಟಿನ ಬಟ್ಟೆಗಳೊಳಗೆ ಮುಖವಿಟ್ಟು ಊದುತ್ತಾನೆ. ಅದನ್ನು ಹಿಡಿದು ಅವರು ಹತ್ತು ನಿಮಿಷ ಮಾತಾಡಿದರು. ಹುಡುಗಿ ಕಣ್ಣರಳಿಸಿ ಕೇಳಿದಳು. ಮುಗಿದ ಮೇಲೆ ಅಕ್ಕ ಚೀಟಿಯನ್ನು ಬೆರಳಿನಿಂದ ಒಮ್ಮೆ ಸವರಿದರು. ಅವರ ಮುಖದಲ್ಲಿ ಬಂದ ಬೆಳಕನ್ನು ನೋಡಿ ನಾನು ಸರಿ ಮಾಡಿದೆನೆಂದೇ ತಿಳಿದೆ.

ಆಮೇಲೆ ಅದು ವಾರದ ಕೆಲಸವಾಯಿತು, ಡಿಕಾಕ್ಷನ್ ಹಾಕಿದ ಹಾಗೆ. ಪ್ರತಿ ಶನಿವಾರ ಚೀಟಿ ಹಿಂದೆ ಬಂದಿರುತ್ತಿತ್ತು. ನಾನು ಮುಂದಿಡುತ್ತಿದ್ದೆ. ಹೋದ ವಾರ ಹೇಳಿದ ಪುಟಕ್ಕಿಂತ ಒಮ್ಮೊಮ್ಮೆ ಹತ್ತು ಪುಟ ಮುಂದೆ, ಒಮ್ಮೊಮ್ಮೆ ಇಪ್ಪತ್ತು. ಒಂದು ವಾರ ಚೀಟಿ ಹನ್ನೆರಡನೇ ಪುಟದಲ್ಲಿತ್ತು. ಅವತ್ತು ನನ್ನ ಕೈ ಸ್ವಲ್ಪ ತಡೆಯಿತು. ಹನ್ನೆರಡನೇ ಪುಟದಲ್ಲಿ ಅವನಿನ್ನೂ ಹುಟ್ಟಿರಲಿಲ್ಲ, ಅವನ ಅಜ್ಜಿಯ ಕಥೆ ನಡೆಯುತ್ತಿತ್ತು. ಆಗ ಹೇಳಬೇಕಿತ್ತು. ಬಚ್ಚಲಿನ ಬಾಗಿಲ ಹತ್ತಿರ ಹೋಗಿ ನಿಂತೆ ಕೂಡ. ಅಕ್ಕ ಟವೆಲಿನಲ್ಲಿ ಕೈ ಒರೆಸುತ್ತಾ ಹೊರಬಂದು, "ಏನಮ್ಮ?" ಎಂದರು. "ಚಟ್ನಿಗೆ ಇಂಗು ಹಾಕಲಾ ಅಕ್ಕ?" ಎಂದು ಕೇಳಿದೆ.

ನನ್ನ ಯಜಮಾನರಿಗೆ ಒಮ್ಮೆ ಹೇಳಿದೆ. ಪತ್ರಿಕೆಯಿಂದ ಮುಖ ತೆಗೆಯದೆ, "ವಯಸ್ಸಾಯ್ತಲ್ಲ, ಎಲ್ಲರಿಗೂ ಮರೆವು ಬರುತ್ತೆ. ನೀನು ಒಳ್ಳೇದಕ್ಕೇ ತಾನೇ ಮಾಡ್ತಿರೋದು?" ಎಂದರು. ಅಕ್ಕನಿಗೆ ಆಗ ಐವತ್ತೆರಡು.

ಮಾರ್ಚ್ ಬಂತು. ಕಾಲೇಜಿನವರು ಕೇಳುವ ತಿಂಗಳು. ಒಂದು ಸಂಜೆ ಅಕ್ಕ ಕ್ಯಾರೆಟ್ ಹಲ್ವದ ಬಟ್ಟಲು ಹಿಡಿದು ಇಳಿದು ಬಂದರು. ಕುರ್ಚಿಯಲ್ಲಿ ಕೂರಲೂ ಇಲ್ಲ, ನಿಂತೇ ಹೇಳಿದರು. "ಇನ್ನೊಂದು ವರ್ಷ ಇರ್ತೀನಿ ಅಂತ ಬರೆದುಕೊಟ್ಟೆ ಕಣೆ. ಬಿಟ್ಟುಬಿಡೋಣ ಅಂತಿದ್ದೆ. ಆದ್ರೆ ನನಗೆ ನಾನೇ ಒಂದು ಪರೀಕ್ಷೆ ಇಟ್ಕೊಂಡಿದ್ದೆ. ಪಾಸಾದೆ."

ಏನು ಪರೀಕ್ಷೆ ಎಂದು ನಾನು ಕೇಳಲಿಲ್ಲ. ಹಲ್ವದಲ್ಲಿ ಸಕ್ಕರೆಯೇ ಇರಲಿಲ್ಲ. "ತುಂಬ ಚೆನ್ನಾಗಿದೆ ಅಕ್ಕ," ಎಂದು ಬಟ್ಟಲು ತೊಳೆದು ಕೊಟ್ಟೆ.

ಬೇಸಗೆ ಕಳೆಯಿತು. ರಜೆಗೆ ನಾವು ಹಾಸನಕ್ಕೆ ಹೋಗಿಬಂದೆವು. ಹುಡುಗಿಗೆ ಶನಿವಾರವೂ ಆಫೀಸು ಶುರುವಾಗಿ ನಮ್ಮ ಓದು ತಿಂಗಳಿಗೊಮ್ಮೆಯಾಯಿತು, ಆಮೇಲೆ ಅದೂ ತಪ್ಪಿತು. ಜುಲೈಯಲ್ಲಿ ಕಾಲೇಜು ತೆರೆಯಿತು. ಕೂಲರಿಗೆ ಹೊದಿಸಿದ ಒದ್ದೆ ಹುಲ್ಲಿನ ವಾಸನೆ, ಅಂಟುವ ಸೆಖೆ. ಆಗಸ್ಟಿನ ಒಂದು ಮಧ್ಯಾಹ್ನ ಹನ್ನೆರಡು ಗಂಟೆಗೆ ಮೆಟ್ಟಿಲ ಮೇಲೆ ಅಕ್ಕನ ಚಪ್ಪಲಿಯ ಸದ್ದು ಕೇಳಿಸಿತು. ಬರುವ ಹೊತ್ತಲ್ಲ. ಸದ್ದು ನಮ್ಮ ಬಾಗಿಲಲ್ಲಿ ನಿಂತಿತು.

ಒಳಗೆ ಬಂದು ಕೂತರು. ನೀರು ಕೊಟ್ಟೆ, ಕುಡಿಯಲಿಲ್ಲ. ಬಟ್ಟೆಚೀಲವನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

"ಇವತ್ತು ಕ್ಲಾಸಿನಲ್ಲಿ," ಎಂದು ಶುರುಮಾಡಿದರು, "ನಾನು ಪಾಠ ಆರಂಭಿಸಿದೆ. ಮೊದಲ ವಾಕ್ಯ ಹೇಳ್ತಿದ್ದ ಹಾಗೆ ಮಕ್ಕಳೆಲ್ಲ ನನ್ನ ಜೊತೆ ಅದನ್ನೇ ಹೇಳಿದರು. ಒಟ್ಟಿಗೆ, ಪ್ರಾರ್ಥನೆ ಹೇಳೋ ಹಾಗೆ. ನನಗೆ ಸಂತೋಷ ಆಯ್ತು ಗೊತ್ತಾ? ಎಷ್ಟು ಚೆನ್ನಾಗಿ ಓದಿಕೊಂಡು ಬಂದಿದ್ದಾರೆ ಅಂದ್ಕೊಂಡೆ. ಎರಡನೇ ವಾಕ್ಯವೂ ಹೇಳಿದರು. ನಾನು ಒಂದು ಉದಾಹರಣೆ ಕೊಡ್ತೀನಿ, ದೋಣಿಯ ಹಲಗೆಗಳನ್ನ ಒಂದೊಂದಾಗಿ ಬದಲಾಯಿಸೋದು, ಅದನ್ನೂ ಹೇಳಿದರು. ನಾನು ಎಲ್ಲಿ ಕನ್ನಡಕ ತೆಗೀತೀನೋ ಅಲ್ಲಿ ಅವರೂ ತೆಗೆದ ಹಾಗೆ ಮಾಡಿದರು. ಮುಂದಿನ ಬೆಂಚಿನ ಒಬ್ಬ ಹುಡುಗಿ ಅಳ್ತಿದ್ದಳು. ಅವಳನ್ನ ನೋಡಿದ ಮೇಲೆ ನನಗೆ ಗೊತ್ತಾಯ್ತು."

"ಎಷ್ಟು ದಿನದಿಂದ ಅಕ್ಕ?"

"ಹೊರಗೆ ಬಂದು ಆ ಹುಡುಗೀನ ಕೇಳಿದೆ. ಆರನೇ ದಿನ ಅಂತೆ. ಒಂದೇ ಪಾಠ."

ಕೂಲರ್ ಸದ್ದು ಮಾಡುತ್ತಿತ್ತು. ಅವರು ಅಳುತ್ತಿರಲಿಲ್ಲ. ಒಂದು ಲೆಕ್ಕ ಎಲ್ಲಿ ತಪ್ಪಿತೆಂದು ಹುಡುಕುವವರ ಮುಖ ಇರುತ್ತದಲ್ಲ, ಹಾಗಿದ್ದರು.

"ನಾನು ಸುಮ್ಮನೆ ಒಪ್ಪಿಕೊಂಡಿರಲಿಲ್ಲ," ಎಂದರು. "ಪರೀಕ್ಷೆ ಇಟ್ಕೊಂಡಿದ್ದೆ. ಆ ಕಹಳೆಗಾರನ ಪುಸ್ತಕ. ಬೆಳಗ್ಗೆ ಎದ್ದು ಓದೋದು. ಓದಿದ್ದು ನೆನಪಿಗೆ ಬರ್ತಾ ಇಲ್ಲ ಅಂದ್ರೆ ಹಿಂದಕ್ಕೆ ಹೋಗೋದು. ಎಲ್ಲಿವರೆಗೆ ನಿಜವಾಗಿ ನೆನಪಿದೆಯೋ ಅಲ್ಲಿ ಚೀಟಿ ಇಡೋದು. ಚೀಟಿ ಮುಂದೆ ಹೋದ್ರೆ ನಾನು ಸರಿಯಿದ್ದೀನಿ, ಹಿಂದೆ ಬಂದ್ರೆ ಬಿಡೋ ಹೊತ್ತಾಯ್ತು. ನನ್ನ ತಲೇನ ನಂಬೋ ಹಾಗಿರಲಿಲ್ಲ, ಅದಕ್ಕೇ ಚೀಟೀನ ನಂಬಿದೆ. ಶನಿವಾರ ಹೇಳಿದ ಪುಟಾನ ಬರೆದಿಡ್ತಿದ್ದೆ. ನೂರಾಐವತ್ತು, ಇನ್ನೂರು, ಇನ್ನೂರಾನಲವತ್ತು. ಮಾರ್ಚ್‌ವರೆಗೂ ಮುಂದೆ ಹೋಗಿತ್ತಲ್ಲ. ನೀನೂ ನೋಡಿದ್ದೀಯ, ಪ್ರತಿ ಶನಿವಾರ ನಿಮ್ಮೆಲ್ಲರ ಮುಂದೆಯೇ ಪುಟ ಹೇಳಿದ್ದೀನಿ."

ನಾನು ನೆಲ ನೋಡಿದೆ. ಅವರ ಬಲಗಾಲಿನ ಚಪ್ಪಲಿ ಕಂದು, ಎಡಗಾಲಿನದು ಕಪ್ಪು. ಆರು ದಿನದಲ್ಲಿ ಎಷ್ಟು ದಿನ ಹೀಗೇ ಹೋಗಿದ್ದರೋ.

"ನಾನು ಸರಿಸ್ತಿದ್ದೆ ಅಕ್ಕ," ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. ನೀವು ಕೈ ತೊಳೆಯಲು ಹೋದಾಗ, ಟೀಪಾಯಿಯ ಮೇಲಿಂದ ತೆಗೆದು, ಮುಂದೆ ಇಡುತ್ತಿದ್ದೆ. ಅವತ್ತು ಆ ಹುಡುಗಿ ನಕ್ಕಾಗ ನಿಮ್ಮ ಮುಖ ನೋಡಲಾಗಲಿಲ್ಲ, ಅದಕ್ಕೆ.

ಬಟ್ಟೆಚೀಲವನ್ನು ತೊಡೆಯಿಂದ ಕೆಳಗಿಟ್ಟರು. ಆಮೇಲೆ ಉತ್ತರಪತ್ರಿಕೆ ತಿದ್ದುವವರ ಧ್ವನಿಯಲ್ಲಿ, "ಎಷ್ಟು ವಾರ?" ಎಂದರು.

"ಹತ್ತು ಹನ್ನೊಂದು."

"ಚೀಟಿ ಎಲ್ಲಿವರೆಗೆ ಹಿಂದೆ ಬಂದಿತ್ತು?"

"ಒಂದು ಸಲ ಹನ್ನೆರಡನೇ ಪುಟ."

"ಯಾವ ತಿಂಗಳು?"

"ಫೆಬ್ರವರಿ."

ತಲೆಯಾಡಿಸಿದರು. "ಫೆಬ್ರವರಿಯಲ್ಲಿ ನನಗೆ ಗೊತ್ತಾಗಿದ್ದರೆ ಮಾರ್ಚಿನಲ್ಲಿ ಬಿಡ್ತಿದ್ದೆ. ಹಾರ ಹಾಕಿ ಕಳಿಸ್ತಿದ್ದರು." ಧ್ವನಿ ಏರಿಸಲಿಲ್ಲ. "ನಿನ್ನ ಹತ್ತಿರ ನಾನು ಕೇಳಿದ್ದು ಒಂದೇ. ಹೇಳು ಅಂತ. ನೀನು ನನ್ನನ್ನ ಮಗು ಮಾಡಿ ಕೂರಿಸಿದೆ. ನಕ್ಕರಲ್ಲ ಆ ಮಕ್ಕಳು, ಅವರು ನನ್ನನ್ನ ದೊಡ್ಡವಳು ಅಂದ್ಕೊಂಡು ನಕ್ಕರು. ನೀನು ಅಷ್ಟೂ ಮಾಡಲಿಲ್ಲ."

"ಅಕ್ಕ, ಕ್ಷಮಿಸಿ."

"ನಮ್ಮ ಮನೆಗೆ ಬರಬೇಡ," ಎಂದು ಎದ್ದರು. ಬಾಗಿಲು ದಾಟಿ ಕೆಳಕ್ಕೆ ಎರಡು ಮೆಟ್ಟಿಲಿಳಿದು ನಿಂತರು. ಅವರ ಮನೆ ಮೇಲಿತ್ತು. ನಾನು ಬಾಗಿಲಲ್ಲೇ ಇದ್ದೆ, ಬಾಯಿ ತೆರೆಯಲಿಲ್ಲ. ಅವರೇ ಸ್ವಲ್ಪ ಹೊತ್ತಿಗೆ ತಿರುಗಿ, ನನ್ನ ಕಡೆ ನೋಡದೆ ಹತ್ತಿ ಹೋದರು.

ಮರುದಿನದಿಂದ ಕಾಲೇಜಿಗೆ ಹೋಗಲಿಲ್ಲ. ರಾಜೀನಾಮೆಯನ್ನು ಅವರ ಯಜಮಾನರು ಒಯ್ದು ಕೊಟ್ಟರು. ಅವರನ್ನು ನಾನು ಭಾವ ಎನ್ನುತ್ತಿದ್ದೆ. ಮೆದು ಮಾತಿನ ಮನುಷ್ಯ. ದೊಡ್ಡ ಆಸ್ಪತ್ರೆಯ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕಿ ಕಾಯಿಲೆಯ ಹೆಸರು ಹೇಳಿದರು. "ವಯಸ್ಸಲ್ಲದ ವಯಸ್ಸಿಗೆ ಬಂದಿದೆ ಅಂದರು ಡಾಕ್ಟರು. ಆರು ತಿಂಗಳು ಮೊದಲೇ ಬಂದಿದ್ದರೂ ಕಾಯಿಲೆಯೇನೂ ನಿಲ್ತಿರಲಿಲ್ಲವಂತೆ. ನೀನು ಮನಸ್ಸಿಗೆ ಹಚ್ಕೋಬೇಡಮ್ಮ. ಮನೇಲಿದ್ದ ನನಗೇ ಗೊತ್ತಾಗಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕ್ತಿದ್ದಳು, ನಾನು ತಮಾಷೆ ಮಾಡ್ತಿದ್ದೆ."

ಅವರು ಸಮಾಧಾನಕ್ಕೆ ಹೇಳಿದ್ದು. ಆದರೆ ಅಕ್ಕ ಕಾಯಿಲೆ ನಿಲ್ಲಿಸಲು ಕೇಳಿರಲಿಲ್ಲ. ಅವರು ಕೇಳಿದ್ದು ಕಾಲೇಜಿನ ಗೇಟಿನಿಂದ ತಾವಾಗಿ ಹೊರಬರುವ ಒಂದು ದಿನವನ್ನು. ಅದು ಮಾರ್ಚಿನಲ್ಲಿ ಅವರ ಕೈಯಲ್ಲಿತ್ತು.

ಹೋಟೆಲಿನವರಿಗೆ ವಿಷಯ ತಿಳಿಸಿದಾಗ ಅವರು ಎಂದಿನಂತೆ ಏನೂ ತಮಾಷೆ ಮಾಡಲಿಲ್ಲ. "ನಾನು ಆ ದಿನ ರೈಲಿನ ಮಾತು ಆಡಬಾರದಿತ್ತು," ಎಂದಷ್ಟೇ ಹೇಳಿದರು. ನಾವೆಲ್ಲರೂ ತಪ್ಪಿನಲ್ಲಿ ನಮ್ಮ ನಮ್ಮ ಪಾಲಿನ ಒಂದು ಚೂರು ಹಿಡಿದು ಕೂತಿದ್ದೆವು. ನನ್ನ ಪಾಲಿನದು ದೊಡ್ಡದೆಂದು ನನಗೆ ಗೊತ್ತಿತ್ತು. ಅದನ್ನು ಯಾರ ಹತ್ತಿರವೂ ಅಳೆಸಿಕೊಳ್ಳುವ ಇಷ್ಟವಿರಲಿಲ್ಲ.

ಮೇಲಿನ ಮನೆಯಿಂದ ಬೆಳಗಿನ ಹೊತ್ತು ಚಪ್ಪಲಿಯ ಸದ್ದಿನ ಬದಲು ಬರಿಗಾಲಿನ ಸದ್ದು ಕೇಳಿಸತೊಡಗಿತು, ಗೋಡೆಯಿಂದ ಗೋಡೆಗೆ. ಭಾವ ಸ್ವಯಂ ನಿವೃತ್ತಿ ತೆಗೆದುಕೊಂಡರು. ಕ್ವಾರ್ಟರ್ಸ್ ಬಿಟ್ಟು ನೋಯ್ಡಾದಲ್ಲಿ ತಾವು ಎಂದೋ ಕೊಂಡಿದ್ದ ಫ್ಲ್ಯಾಟಿಗೆ ಹೋದರು. ಸಾಮಾನು ಲಾರಿಗೆ ಹೇರುವ ದಿನ ನಾನು ಪರದೆಯ ಸಂದಿಯಿಂದ ನೋಡಿದೆ. ಪುಸ್ತಕಗಳನ್ನು ಅಕ್ಕಿಯ ಚೀಲಗಳಲ್ಲಿ ತುಂಬಿದ್ದರು. ಅಕ್ಕ ಆಟೋದಲ್ಲಿ ಕೂತು, ಬಂದು ಹೋಗುವ ಪ್ರತಿ ಚೀಲಕ್ಕೂ, "ಇದು ಯಾರದು?" ಎಂದು ಕೇಳುತ್ತಿದ್ದರು.

ಆ ಆಗಸ್ಟಿನಿಂದ ಹದಿನೇಳು ತಿಂಗಳು ನಾನು ಹೋಗಲಿಲ್ಲ. ಬರಬೇಡ ಎಂದಿದ್ದರು. ಅವರ ಆ ಒಂದು ಮಾತನ್ನಾದರೂ ಪಾಲಿಸುತ್ತಿದ್ದೇನೆ ಎಂದುಕೊಳ್ಳುತ್ತಿದ್ದೆ. ಭಾವ ಆಗಾಗ ಫೋನ್ ಮಾಡುತ್ತಿದ್ದರು. ಕೊನೆಗೆ ಒಂದು ಜನವರಿಯಲ್ಲಿ, "ಬಾರಮ್ಮ ಒಂದು ಸಲ," ಎಂದರು. "ಅವಳಿಗೆ ಅದೆಲ್ಲ ಏನೂ ನೆನಪಿಲ್ಲ ಈಗ. ನನ್ನ ತಂಗಿಯ ಹೆಸರು ನೆನಪಿಲ್ಲ, ಮೈಸೂರು ನೆನಪಿಲ್ಲ. ನಿನ್ನ ಮೇಲಿನ ಕೋಪ ಎಲ್ಲಿಂದ ಇರುತ್ತೆ? ಕನ್ನಡ ಮಾತಾಡೋರು ಯಾರಾದ್ರೂ ಬಂದ್ರೆ ಅವಳಿಗೂ ಒಳ್ಳೇದು."

ಹೋದೆ. ಎಲ್ಲಾ ಮರೆತಿದ್ದಾರೆ ಎಂಬ ಮಾತಿನಿಂದ ನನಗೆ ಒಂದು ಬಗೆಯ ಹಗುರವಾಗಿತ್ತು. ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಎರಡು ಬಸ್ಸು ಬದಲಾಯಿಸಿ, ದಾರಿಯಲ್ಲಿ ಕಿತ್ತಳೆ ಕೊಂಡು ಹೋದೆ. ಮಂಜು ಹರಿದು ಬಿಸಿಲು ಬಂದಿತ್ತು. ಮೂರನೇ ಮಹಡಿಯ ಬಾಲ್ಕನಿಯಲ್ಲಿ ಅಕ್ಕ ಶಾಲು ಹೊದ್ದು ಕೂತಿದ್ದರು. ಕೂದಲನ್ನು ಯಾರೋ ಗಿಡ್ಡಕ್ಕೆ ಕತ್ತರಿಸಿದ್ದರು. ತೊಡೆಯ ಮೇಲೊಂದು ಪುಸ್ತಕವಿತ್ತು, ಮೊದಲ ಪುಟಗಳಲ್ಲಿ ತೆರೆದಿತ್ತು.

"ಯಾರು ಬಂದಿದ್ದಾರೆ ನೋಡು," ಎಂದರು ಭಾವ.

ಅಕ್ಕ ನೋಡಿದರು. "ಬನ್ನಿ, ಕೂತ್ಕೊಳ್ಳಿ. ಎಲ್ಲಿಂದ ಬಂದ್ರಿ?" ಎಂದರು. ಬಹುವಚನ. ಮರ್ಯಾದೆಯ ನಗು. ಯಾವತ್ತೂ ನನ್ನನ್ನು ನೀನು ಎಂದೇ ಕರೆದವರು.

"ಆರ್.ಕೆ.ಪುರಂನಿಂದ."

"ದೂರ ಅಲ್ವಾ? ಬಸ್ಸು ಸಿಗುತ್ತಾ ಅಲ್ಲಿಂದ?"

"ಸಿಗುತ್ತೆ."

"ಬಸ್ಸು ಸಿಗುತ್ತಾ ಅಲ್ಲಿಂದ?"

"ಸಿಗುತ್ತೆ ಅಕ್ಕ."

ಭಾವ ಕಾಫಿ ತಂದರು. ನಾನು ಕಿತ್ತಳೆ ಸುಲಿದು ತೊಳೆ ಬಿಡಿಸಿ ಕೊಟ್ಟೆ. ಒಂದೆರಡು ತಿಂದರು. ಬಿಸಿಲು, ಕೆಳಗೆ ಮಕ್ಕಳ ಕ್ರಿಕೆಟ್ಟು, ಹಪ್ಪಳದ ಹಾಗೆ ಒಣಗಿದ ಅವರ ಕೈ. ಎಲ್ಲ ಸರಿಯಿದೆ ಎಂದೇ ಅನಿಸಿತು. ಅವರ ಹೆಗಲಿನಿಂದ ಶಾಲು ಜಾರಿ ಪುಸ್ತಕದ ಮೇಲೆ ಬಿತ್ತು. ಎತ್ತಿ ಹೊದಿಸೋಣವೆಂದು ನಾನು ಬಗ್ಗಿ ಕೈ ಚಾಚಿದೆ.

ಅಕ್ಕ ಪುಸ್ತಕವನ್ನು ಪಟ್ಟನೆ ಮುಚ್ಚಿ ಎದೆಗೆ ಒತ್ತಿ ಹಿಡಿದರು. ಕುರ್ಚಿಯೊಳಗೆ ಹಿಂದಕ್ಕೆ ಸರಿದರು. ನನ್ನ ಮುಖವನ್ನಲ್ಲ, ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಭಾವನ ಕಡೆ ತಿರುಗಿ, ಕ್ಲಾಸಿನಲ್ಲಿ ಮಾತಾಡುವಷ್ಟು ಸ್ಪಷ್ಟವಾಗಿ ಹೇಳಿದರು. "ಇವರು ಹೋಗೋವರೆಗೂ ನನ್ನ ಪುಸ್ತಕ ಒಳಗಿಡಿ."

ಭಾವ ಗಲಿಬಿಲಿಯಾಗಿ ನಕ್ಕರು. "ಏನೂ ತಿಳ್ಕೋಬೇಡಮ್ಮ. ಏನೋ ಅಂತಾಳೆ, ಅವಳಿಗೆ ಏನೂ ಗೊತ್ತಾಗಲ್ಲ."

"ಅವರಿಗೆ ಗೊತ್ತಿದೆ ಭಾವ," ಎಂದೆ. "ತಗೊಂಡು ಹೋಗಿ ಇಡಿ."

ಅವರು ಪುಸ್ತಕ ಒಯ್ದರು. ಒಳಗೆ ಕಪಾಟಿನ ಬಾಗಿಲು ಮುಚ್ಚಿದ ಸದ್ದು ಕೇಳುವವರೆಗೂ ಅಕ್ಕ ಕಣ್ಣು ಕದಲಿಸಲಿಲ್ಲ. ನಾನು ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಅವರಿಗೆ ಕಾಣುವಂತೆ ಕೂತಿದ್ದೆ. ಆಮೇಲೆಯೇ ಅವರು ಆರಿಹೋದ ಕಾಫಿಯ ಲೋಟವನ್ನು ಎತ್ತಿಕೊಂಡರು.